ದುಡ್ಡು ಕೊಡಿ, ಖಾಲಿಯಾದರೆ ಮತ್ತೆ ತುಂಬಬೇಡಿ

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ವಿಮೆ ಬಗ್ಗೆ ಮಾತನಾಡುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಹೋದ ಎಪಿಸೋಡಿಗೆ ಒಂದು ಕಮೆಂಟ್ ಬಂದಿದೆ. ಮೂರು ದಿನದಿಂದ ಅದು ನನ್ನ ತಲೆ ಬಿಟ್ಟು ಹೋಗಿಲ್ಲ. ಓದುತ್ತೇನೆ, ಕೇಳಿ.

"ಸಾರ್, ಮಕ್ಕಳು ಓದೋ ವಯಸ್ಸಲ್ಲಿ ಓದಲಿ. ದುಡ್ಡಿನ ತಲೆನೋವು ನಮಗಿರಲಿ. ಕೆಲಸ ಸಿಕ್ಕ ಮೇಲೆ ತಾನಾಗೇ ಕಲಿತುಕೊಳ್ಳುತ್ತಾರೆ."

ಇದಕ್ಕೆ ನಾನೂರಕ್ಕೂ ಜಾಸ್ತಿ ಲೈಕ್. ನಾನೂರು ಜನ ತಂದೆ ತಾಯಿ "ಹೌದು ಹೌದು" ಅಂದಿದ್ದಾರೆ. ಬರೆದವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಆ ಕೊನೆಯ ಸಾಲು ಇದೆಯಲ್ಲ, "ತಾನಾಗೇ ಕಲಿತುಕೊಳ್ಳುತ್ತಾರೆ", ಅದು ಸುಳ್ಳು. ಯಾರೂ ತಾನಾಗೇ ಕಲಿಯುವುದಿಲ್ಲ. ಪೆಟ್ಟು ತಿಂದು ಕಲಿಯುತ್ತಾರೆ. ಆ ಪೆಟ್ಟು 12ನೇ ವಯಸ್ಸಿಗೆ ಬೀಳಬೇಕಾ, 27ನೇ ವಯಸ್ಸಿಗೆ ಬೀಳಬೇಕಾ? ನನ್ನ ಪ್ರಶ್ನೆ ಅಷ್ಟೇ.

ನನ್ನ ಮಾತು ಇವತ್ತು ಒಂದೇ. ಮಗುವಿನ ಕೈಗೆ ನಿಜವಾದ ದುಡ್ಡು ಕೊಡಿ. ಇಷ್ಟು ದಿನಕ್ಕೆ ಇಷ್ಟು ಅಂತ ಹೇಳಿ ಕೊಡಿ. ಖಾಲಿಯಾದರೆ ಮತ್ತೆ ತುಂಬಬೇಡಿ. ಮೊದಲ ಎರಡನ್ನು ಎಲ್ಲರೂ ಮಾಡುತ್ತೀರಿ. ಮೂರನೆಯದನ್ನು ಯಾರೂ ಮಾಡುವುದಿಲ್ಲ. ಕಲಿಕೆ ಪೂರ್ತಿ ಇರುವುದು ಆ ಮೂರನೆಯದರಲ್ಲಿ.

ನಮ್ಮ ಅಕ್ಕನ ಮಗನ ವಿಷಯ ಹೇಳುತ್ತೇನೆ. ಅವನಿಗೆ ಹೇಳಿಯೇ ಹೇಳುತ್ತಿದ್ದೇನೆ, ಬೇಜಾರಿಲ್ಲ ಅಂದಿದ್ದಾನೆ. ಶಾಲೆಯಿಂದ ಕಾಲೇಜಿನವರೆಗೆ ಮೊದಲ ಬೆಂಚಿನ ಹುಡುಗ. 22ಕ್ಕೆ ಕೆಲಸ ಸಿಕ್ಕಿತು, ಬೇರೆ ಊರು, ಬೇರೆ ಮನೆ. ಮೊದಲ ಸಂಬಳ ಬಂದು ಹನ್ನೊಂದನೇ ದಿನಕ್ಕೆ ಫೋನು. "ಮಾವ, ಅಮ್ಮನಿಗೆ ಹೇಳಬೇಡಿ, ದುಡ್ಡು ಮುಗಿದಿದೆ."

ಕುಡಿದನಾ? ಇಲ್ಲ. ಜೂಜಾಡಿದನಾ? ಇಲ್ಲ. ಮನೆಗೆ ಮುಂಗಡ ಕೊಟ್ಟ. ಮುಂಗಡ ಬೇರೆ, ತಿಂಗಳ ಬಾಡಿಗೆ ಬೇರೆ ಅಂತ ಅವನಿಗೆ ಗೊತ್ತಿರಲಿಲ್ಲ. ಪರದೆ, ಹಾಸಿಗೆ, ಬಕೆಟ್ಟು, ಇಸ್ತ್ರಿ ಪೆಟ್ಟಿಗೆ, ಇವೆಲ್ಲ ದುಡ್ಡು ಕೊಟ್ಟು ತರಬೇಕಾದ ವಸ್ತುಗಳು ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಅವು ಯಾವಾಗಲೂ ಇದ್ದವು, ಅಲ್ವಾ? ಜೊತೆಗೆ ಹೊಸ ಫೋನು, ಕಂತಿನಲ್ಲಿ. ಅಂಗಡಿಯವನು "ಬಡ್ಡಿ ಬರೀ ಹತ್ತು ಪರ್ಸೆಂಟ್" ಅಂದನಂತೆ.

ಒಂದು ನಿಮಿಷ, ಇದನ್ನು ಲೆಕ್ಕ ಹಾಕಿ ತೋರಿಸಲೇಬೇಕು. ಫೋನಿನ ಬೆಲೆ 12,000 ಅಂದುಕೊಳ್ಳಿ. ಯಾವ ದೇಶದ ದುಡ್ಡಾದರೂ ಸರಿ, ಲೆಕ್ಕ ಒಂದೇ. ಶೇಕಡಾ 10 ಅಂದರೆ 1,200. ಒಟ್ಟು 13,200, ಹನ್ನೆರಡು ಕಂತು, ತಿಂಗಳಿಗೆ 1,100. ನೋಡಲು ಸರಿಯಾಗಿದೆ. ಆದರೆ ಪ್ರತಿ ತಿಂಗಳೂ ನೀವು ಅಸಲು ವಾಪಸ್ ಕೊಡುತ್ತಾ ಬರುತ್ತೀರಿ. ಆರನೇ ತಿಂಗಳು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಸಾಲ ತೀರಿರುತ್ತದೆ. ಬಡ್ಡಿಯನ್ನು ಮಾತ್ರ ವರ್ಷವಿಡೀ ಪೂರ್ತಿ 12,000ಕ್ಕೆ ಹಾಕಿರುತ್ತಾರೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಆ ಸಾಲದ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇಕಡಾ 18. ಹೀಗೆ ವರ್ಷವಿಡೀ ಪೂರ್ತಿ ಅಸಲಿನ ಮೇಲೇ ಹಾಕುವ ಬಡ್ಡಿಗೆ ಫ್ಲಾಟ್ ರೇಟ್ ಅನ್ನುತ್ತಾರೆ. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗ ಇವನು. ಅಂಗಡಿಯಲ್ಲಿ ನಿಂತಾಗ ಆ ಗಣಿತ ಅವನ ಸಹಾಯಕ್ಕೆ ಬರಲಿಲ್ಲ.

ಇರಲಿ. ವಿಷಯ ಅಕ್ಕನಿಗೆ ಗೊತ್ತಾಯಿತು. ಹತ್ತು ನಿಮಿಷದಲ್ಲಿ ದುಡ್ಡು ಕಳಿಸಿದಳು. ಎರಡನೇ ತಿಂಗಳು ಹದಿನಾಲ್ಕಕ್ಕೆ ಮುಗಿಯಿತು, ಮತ್ತೆ ಕಳಿಸಿದಳು. ಮೂರನೇ ತಿಂಗಳು ನಾನು ಅಡ್ಡ ಬಂದೆ. "ಅಕ್ಕಾ, ಈ ಸಲ ಕಳಿಸಬೇಡ." ಅವಳಿಗೆ ಎಷ್ಟು ಸಿಟ್ಟು ಬಂತು ಅಂದರೆ, "ನಿನಗೆ ಹೆತ್ತ ಕರುಳಿನ ಸಂಕಟ ಏನು ಗೊತ್ತೋ" ಅಂದಳು. ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ಭಾವ ಮಾತ್ರ ನನ್ನ ಕಡೆ ಇದ್ದರು, ಆದರೆ ಬಾಯಿ ಬಿಡಲಿಲ್ಲ.

ಆ ಮೂರನೇ ತಿಂಗಳು ಅವನು ಮೊದಲ ಸಲ ಒಂದು ಹಾಳೆ ತೆಗೆದುಕೊಂಡು ಕೂತ. ಬಾಡಿಗೆ, ಕರೆಂಟು, ಓಡಾಟ, ಊಟ, ಕಂತು. ಕೂಡಿದ, ಕಳೆದ. ದಿನಕ್ಕೆ ಎಷ್ಟು ಉಳಿಯುತ್ತದೆ ಅಂತ ನೋಡಿದ. ಹೊರಗೆ ತಿನ್ನುವುದು ನಿಂತಿತು, ಅಡುಗೆ ಶುರುವಾಯಿತು. ನಾಲ್ಕನೇ ತಿಂಗಳು 27ನೇ ತಾರೀಖು ನನಗೆ ಮೆಸೇಜ್: "ಮಾವ, ಇನ್ನೂ ದುಡ್ಡಿದೆ." ಅದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು, ನಿಜವಾಗಿ. ಅವನಿಗೆ ಯಾರೂ ಪಾಠ ಮಾಡಿರಲಿಲ್ಲ. ಅವನ ತಾಯಿ ಒಂದು ತಿಂಗಳು ದುಡ್ಡು ಕಳಿಸಲಿಲ್ಲ. ಆಗಿದ್ದು ಅಷ್ಟೇ.

ಈಗ ನನ್ನದೇ ತಪ್ಪು ಹೇಳುತ್ತೇನೆ. ನನಗೆ ಮೊದಲ ಕ್ರೆಡಿಟ್ ಕಾರ್ಡ್ ಸಿಕ್ಕಾಗ ಬಿಲ್ಲಿನ ಮೇಲೆ ಎರಡು ಮೊತ್ತ ಇರುತ್ತಿತ್ತು. ಒಂದು ಪೂರ್ತಿ ಬಾಕಿ. ಇನ್ನೊಂದು, ಕನಿಷ್ಠ ಕಟ್ಟಬೇಕಾದ ಮೊತ್ತ. ಕನಿಷ್ಠ ಕಟ್ಟಿದರೆ ಸಾಕು ಅಂತ ನಾನು ನಂಬಿದ್ದೆ. ಕಾರ್ಡ್ ಕೊಟ್ಟ ಬ್ಯಾಂಕಿನವರು ತಿದ್ದಲಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರಿಂದ ಹೊರಗೆ ಬರಲು ನನಗೆ ಮೂರು ವರ್ಷ ಹಿಡಿಯಿತು.

ಯಾಕೆ ಅಂತ ನೋಡಿ. ಬಾಕಿ 10,000. ಬಡ್ಡಿ ತಿಂಗಳಿಗೆ ಶೇಕಡಾ 3. ಕನಿಷ್ಠ ಮೊತ್ತ ಬಾಕಿಯ ಶೇಕಡಾ 5 ಅಂದುಕೊಳ್ಳೋಣ. ಮೊದಲ ತಿಂಗಳು 500 ಕಟ್ಟುತ್ತೀರಿ, 9,500 ಉಳಿಯುತ್ತದೆ. ಅದರ ಮೇಲೆ 285 ಬಡ್ಡಿ. ಮತ್ತೆ 9,785. ಕಟ್ಟಿದ್ದು 500, ಇಳಿದದ್ದು 215. ಹೀಗೇ ಕನಿಷ್ಠವನ್ನೇ ಕಟ್ಟುತ್ತಾ ಹೋದರೆ ಬಾಕಿ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಅಷ್ಟರಲ್ಲಿ ನೀವು ಕಟ್ಟಿದ್ದು 11,600ಕ್ಕೂ ಜಾಸ್ತಿ. ತಂದ ಸಾಲಕ್ಕಿಂತ ಜಾಸ್ತಿ ಕಟ್ಟಿ ಆಗಿದೆ, ಇನ್ನೂ ಹತ್ತಿರ ಹತ್ತಿರ 5,000 ಬಾಕಿ ಇದೆ! ಹನಿ ಹನಿ ಕೂಡಿದರೆ ಹಳ್ಳ ಅಂತ ಉಳಿತಾಯಕ್ಕೆ ಮಾತ್ರ ಹೇಳುತ್ತೇವೆ. ಸಾಲವೂ ಹಾಗೇ ಹಳ್ಳವಾಗುತ್ತದೆ.

ಅದೇ ಸಾಲಕ್ಕೆ ಏನೂ ಕಟ್ಟದೆ ಬಿಟ್ಟರೆ? 72 ಅನ್ನು ವರ್ಷದ ಬಡ್ಡಿ ದರದಿಂದ ಭಾಗಿಸಿ. ಸಿಗುವ ಸಂಖ್ಯೆ, ಸಾಲ ಎರಡರಷ್ಟಾಗಲು ಬೇಕಾದ ವರ್ಷ. ತಿಂಗಳಿಗೆ 3 ಅಂದರೆ ವರ್ಷಕ್ಕೆ 36. 72 ಭಾಗಿಸು 36, ಎರಡು. ಎರಡೇ ವರ್ಷ! ಈ ಲೆಕ್ಕ ಹೊಸದೇನಲ್ಲ. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲೇ ಇದೆ. ಐನೂರು ವರ್ಷ ದಾಟಿದೆ. ನನ್ನ ಶಾಲೆಯಲ್ಲಿ ಚಕ್ರಬಡ್ಡಿಯ ಸೂತ್ರ ಬಾಯಿಪಾಠ ಮಾಡಿಸಿದ್ದರು. ಅದು ನನ್ನ ಜೇಬಿನ ವಿಷಯ ಅಂತ ಒಬ್ಬರೂ ಹೇಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಈ ತಪ್ಪನ್ನು ನಾನು ಹತ್ತನೇ ವಯಸ್ಸಿನಲ್ಲಿ, ತಮ್ಮನ ಹತ್ತಿರ ಐದು ರೂಪಾಯಿ ಸಾಲ ಮಾಡಿ ಮಾಡಿದ್ದರೆ ಸಾಕಾಗಿತ್ತು. ಸಣ್ಣ ದುಡ್ಡಿನಲ್ಲಿ ಸಣ್ಣ ತಪ್ಪು. ಅಳು, ಜಗಳ, ಮುಗಿಯಿತು. ಮಗುವಿಗೆ ಆ ಸಣ್ಣ ತಪ್ಪು ಮಾಡುವ ಅವಕಾಶ ಕೊಡಿ. ದುಡ್ಡು ಕೊಡಿ, ಮತ್ತೆ ತುಂಬಬೇಡಿ.

ಮಧ್ಯದಲ್ಲಿ ಒಂದು ಮಾತು. ನಮ್ಮ ಚಾನೆಲ್ಲಿಗೆ ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಬಾಡಿಗೆ ಕರಾರು ಓದುವುದು ಹೇಗೆ ಅಂತ ಎರಡು ಎಪಿಸೋಡ್ ಮಾಡಿದ್ದೇವೆ. ಮನೆ ಬಿಟ್ಟು ಹೊರಗೆ ಇರುವ ಎಲ್ಲ ಹುಡುಗ ಹುಡುಗಿಯರಿಗೆ ಕಳಿಸಿ. ತಿಂಗಳ ಖರ್ಚು ಬರೆಯುವ ಒಂದು ಹಾಳೆ ಕೂಡ ತಯಾರಿಸಿದ್ದೇವೆ. ಕೆಳಗೆ ಇದೆ, ಪುಕ್ಕಟೆ, ಇಳಿಸಿಕೊಳ್ಳಿ. ಅಕ್ಕನ ಮಗ ಅವತ್ತು ಬರೆದ ಹಾಳೆಯನ್ನೇ ಸ್ವಲ್ಪ ನೀಟಾಗಿ ಮಾಡಿದ್ದೇವೆ.

ಸರಿ, ಮತ್ತೆ ಆ ಕಮೆಂಟಿಗೆ. "ದುಡ್ಡಿನ ತಲೆನೋವು ನಮಗಿರಲಿ." ಒಳ್ಳೆಯದು ಸಾರ್. ನಿಮಗೆ ಗೊತ್ತಿದೆ ಅಂತ ಹೇಗೆ ಅಂದುಕೊಂಡಿರಿ? ಒಂದು ಸಣ್ಣ ಪರೀಕ್ಷೆ ಮಾಡೋಣ. ಎಲ್ಲರೂ ಉತ್ತರ ಹೇಳಿ, ಜೋರಾಗಿಯೇ ಹೇಳಿ, ಪಕ್ಕದಲ್ಲಿ ಯಾರಿದ್ದರೂ ಪರವಾಗಿಲ್ಲ.

ಬ್ಯಾಂಕಿನಲ್ಲಿ 100 ಇಟ್ಟಿದ್ದೀರಿ. ವರ್ಷಕ್ಕೆ ಶೇಕಡಾ 2 ಬಡ್ಡಿ. ಮುಟ್ಟದೆ ಬಿಟ್ಟರೆ ಐದು ವರ್ಷದ ನಂತರ 102ಕ್ಕಿಂತ ಜಾಸ್ತಿ ಇರುತ್ತದಾ, ಸರಿಯಾಗಿ 102 ಇರುತ್ತದಾ, ಕಡಿಮೆ ಇರುತ್ತದಾ? ಎರಡನೆಯದು. ಬಡ್ಡಿ ಶೇಕಡಾ 1, ಬೆಲೆ ಏರಿಕೆ ಶೇಕಡಾ 2. ಒಂದು ವರ್ಷದ ನಂತರ ಆ ದುಡ್ಡಿಗೆ ಜಾಸ್ತಿ ಸಾಮಾನು ಬರುತ್ತದಾ, ಅಷ್ಟೇನಾ, ಕಡಿಮೆನಾ? ಮೂರನೆಯದು. ಒಂದೇ ಕಂಪನಿಯ ಷೇರು ಕೊಳ್ಳುವುದು, ಹಲವು ಕಂಪನಿಗಳ ಷೇರು ಇರುವ ಫಂಡ್ ಕೊಳ್ಳುವುದಕ್ಕಿಂತ ಸುರಕ್ಷಿತ. ನಿಜನಾ, ಸುಳ್ಳಾ?

ಜಾಸ್ತಿ. ಕಡಿಮೆ. ಸುಳ್ಳು. ಇವು ಅನ್ನಾಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞೆಯರು ರೂಪಿಸಿದ ಪ್ರಶ್ನೆಗಳು. 2004ರಲ್ಲಿ ಅಮೆರಿಕದಲ್ಲಿ 50 ದಾಟಿದವರನ್ನು ಕೇಳಿದರು. ಮೂರಕ್ಕೂ ಸರಿ ಉತ್ತರ ಕೊಟ್ಟವರು ಮೂವರಲ್ಲಿ ಒಬ್ಬರು. 50 ದಾಟಿದವರು! ಜೀವನವಿಡೀ ದುಡಿದವರು, ಮನೆ ಕೊಂಡವರು, ಸಾಲ ತೀರಿಸಿದವರು. "ಕೆಲಸ ಸಿಕ್ಕ ಮೇಲೆ ತಾನಾಗೇ ಕಲಿತುಕೊಳ್ಳುತ್ತಾರೆ" ಅಂದಿರಲ್ಲ, ಇವರಿಗೆ ಕೆಲಸ ಸಿಕ್ಕಿ ಮೂವತ್ತು ವರ್ಷ ಆಗಿತ್ತು. ಕಲಿತರಾ?

ಕೆಲವರು ಹೇಳುತ್ತಾರೆ, ಶಾಲೆಯಲ್ಲಿ ಒಂದು ವಿಷಯವಾಗಿ ಇಡಿ, ಪರೀಕ್ಷೆ ಮಾಡಿ, ಮುಗಿಯಿತು. ಪರೀಕ್ಷೆ ಈಗಲೇ ಇದೆ. ಹಲವು ದೇಶಗಳು ಸೇರಿ ಕಟ್ಟಿಕೊಂಡಿರುವ ಓಇಸಿಡಿ ಸಂಸ್ಥೆ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ 2012ರಿಂದ ಹಣಕಾಸಿನ ತಿಳಿವಳಿಕೆಯ ಭಾಗವೂ ಇದೆ. ಶಾಲೆಯಲ್ಲಿ ಹೇಳಿಕೊಡುವುದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಬರೀ ಪಾಠದಿಂದ ಏನಾಗುತ್ತದೆ ನೋಡಿ. 2014ರಲ್ಲಿ ಫರ್ನಾಂಡಿಸ್, ಲಿಂಚ್, ನೆಟೆಮೈಯರ್ ಅನ್ನುವ ಮೂವರು ಸಂಶೋಧಕರು ಅಲ್ಲಿಯವರೆಗಿನ 201 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಜನ ದುಡ್ಡಿನ ವಿಷಯದಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತಾರಲ್ಲ, ಆ ವ್ಯತ್ಯಾಸದಲ್ಲಿ ಪಾಠದ ಪಾಲು ಶೇಕಡಾ 0.1. ಶೇಕಡಾ ಒಂದೂ ಅಲ್ಲ, ಅದರ ಹತ್ತನೇ ಒಂದು ಭಾಗ! ಎಷ್ಟೇ ಗಂಟೆ ಪಾಠ ಮಾಡಿದರೂ 20 ತಿಂಗಳಾಗುವ ಹೊತ್ತಿಗೆ ಅದರ ಪರಿಣಾಮ ಉಳಿದಿರುವುದಿಲ್ಲ. ನಿರ್ಧಾರ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಕಲಿಸಿ ಅಂತ ಅವರೇ ಹೇಳಿದರು. ನಿರ್ಧಾರ ತೆಗೆದುಕೊಳ್ಳಲು ಮಗುವಿನ ಕೈಯಲ್ಲಿ ದುಡ್ಡು ಬೇಡವಾ?

ಗೊತ್ತು, ಈಗ ಯಾರೋ ಒಬ್ಬರು ಟೈಪ್ ಮಾಡುತ್ತಿದ್ದೀರಿ. "2022ರಲ್ಲಿ 76 ಪ್ರಯೋಗಗಳನ್ನು ನೋಡಿದ ಇನ್ನೊಂದು ಅಧ್ಯಯನ ಬಂದಿದೆ, ಪಾಠದಿಂದ ಉಪಯೋಗ ಇದೆ ಅಂತ ಅದು ಹೇಳುತ್ತದೆ." ಬಂದಿದೆ. ಓದಿದ್ದೇನೆ. ಸಂತೋಷ. ಹಾಗಿದ್ದರೆ ಪಾಠವನ್ನೂ ಮಾಡಿ, ದುಡ್ಡನ್ನೂ ಕೊಡಿ. ಪಾಠ ಕೇಳಿದ ಮಗುವಿನ ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ ಅದನ್ನು ಎಲ್ಲಿ ಉಪಯೋಗಿಸಬೇಕು? ದಡದಲ್ಲಿ ಕೂರಿಸಿ ಈಜು ಕಲಿಸಿದ ಹಾಗೆ.

ಇನ್ನೊಂದು ವಾದ. "ದುಡ್ಡು ಕೈಗೆ ಸಿಕ್ಕರೆ ಮಕ್ಕಳು ಕೆಟ್ಟು ಹೋಗುತ್ತಾರೆ." ಮಕ್ಕಳು ಕೆಡುವುದು ದುಡ್ಡು ಸಿಕ್ಕಿದ್ದಕ್ಕಲ್ಲ. ಕೇಳಿದಾಗಲೆಲ್ಲ ಸಿಕ್ಕಿದ್ದಕ್ಕೆ! ಕೇಳಿದಾಗಲೆಲ್ಲ ಕೊಡುವುದು ಕೊಳಾಯಿ ಇದ್ದ ಹಾಗೆ, ತಿರುಗಿಸಿದರೆ ನೀರು. ತಿಂಗಳಿಗೆ ಇಷ್ಟು ಅಂತ ಕೊಡುವುದು ಬಿಂದಿಗೆ ಇದ್ದ ಹಾಗೆ. ಬಿಂದಿಗೆ ಇಟ್ಟುಕೊಂಡವರು ನೀರನ್ನು ನೋಡಿ ನೋಡಿ ಬಳಸುತ್ತಾರೆ. ರಿಚರ್ಡ್ ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಜನ ದುಡ್ಡನ್ನು ಮನಸ್ಸಿನಲ್ಲೇ ಬೇರೆ ಬೇರೆ ಡಬ್ಬಿಗೆ ಹಾಕಿಕೊಳ್ಳುತ್ತಾರೆ, ಯಾವ ಡಬ್ಬಿಯದು ಅನ್ನುವುದರ ಮೇಲೆ ಬೇರೆ ಬೇರೆ ರೀತಿ ಖರ್ಚು ಮಾಡುತ್ತಾರೆ ಅಂತ ತೋರಿಸಿದವರು ಅವರು. ನಿಮ್ಮ ಮಗಳ ಮನಸ್ಸಿನಲ್ಲಿ "ಅಪ್ಪನ ದುಡ್ಡು" ಅನ್ನುವ ಡಬ್ಬಿಗೆ ತಳವೇ ಇಲ್ಲ. "ನನ್ನ ದುಡ್ಡು" ಅನ್ನುವ ಡಬ್ಬಿಗೆ ತಳ ಕಾಣುತ್ತದೆ. ಆ ತಳವನ್ನು ಅವಳು ಒಮ್ಮೆ ನೋಡಬೇಕು. ನೀವು ಮತ್ತೆ ತುಂಬಿದರೆ ಅವಳಿಗೆ ತಳ ಕಾಣುವುದೇ ಇಲ್ಲ.

"ನಮ್ಮ ಹತ್ತಿರ ಅಷ್ಟೊಂದು ದುಡ್ಡಿಲ್ಲ" ಅನ್ನುವವರಿಗೆ ಒಂದು ಮಾತು, ಪ್ರೀತಿಯಿಂದ ಹೇಳುತ್ತಿದ್ದೇನೆ. ಎಷ್ಟು ಅನ್ನುವುದು ಮುಖ್ಯವೇ ಅಲ್ಲ. ಪೆನ್ನು, ಪುಸ್ತಕ, ಬಟ್ಟೆಗೆ ನೀವು ಹೇಗೂ ಖರ್ಚು ಮಾಡುವ ದುಡ್ಡನ್ನೇ ಮಗುವಿನ ಕೈಯಿಂದ ಖರ್ಚು ಮಾಡಿಸಿ. ಹೊಸದಾಗಿ ಏನೂ ಹೋಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಹಾಸಿಗೆ ಎಷ್ಟುದ್ದ ಅಂತ ಮಕ್ಕಳಿಗೆ ಯಾವತ್ತಾದರೂ ಹೇಳಿದ್ದೇವಾ? ಮನೆಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಎಷ್ಟು ಸಾಲ ಇದೆ, ಹದಿನಾರು ತುಂಬಿದ ಮಗುವಿಗೆ ಗೊತ್ತಿಲ್ಲ. ಬಾಗಿಲು ಹಾಕಿಕೊಂಡು ಪಿಸುಗುಡುತ್ತೇವೆ. ಆಮೇಲೆ "ಜವಾಬ್ದಾರಿ ಇಲ್ಲ" ಅಂತ ಬೈಯುತ್ತೇವೆ.

"ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂತಲೂ ಒಬ್ಬರು ಬರೆದಿದ್ದರು. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಅವರನ್ನು ಬ್ಲಾಕ್ ಮಾಡಿದ್ದೇನೆ. ತನ್ನ ಹೆಸರಿನಲ್ಲಿ ಖಾತೆ ಇಲ್ಲದೆ, ಕೈಯಲ್ಲಿ ದುಡ್ಡಿಲ್ಲದೆ, ಬೇಡದ ಮನೆಯಲ್ಲಿ ಉಳಿದುಹೋದ ಹೆಂಗಸರ ಪತ್ರಗಳು ನನಗೆ ಬರುತ್ತವೆ. ಅದನ್ನು ಓದಿದ ಮೇಲೆ ಇಂಥ ಮಾತಿಗೆ ನನ್ನ ಹತ್ತಿರ ತಾಳ್ಮೆ ಉಳಿದಿಲ್ಲ.

ಹೇಗೆ ಶುರು ಮಾಡಬೇಕು ಅಂತ ಕೇಳುತ್ತೀರಿ. ಸಣ್ಣವರಿಗೆ ವಾರಕ್ಕೆ ಒಂದು ಸಲ, ಅದೇ ದಿನ, ಅಷ್ಟೇ ದುಡ್ಡು. ಹನ್ನೆರಡು ಹದಿಮೂರಕ್ಕೆ ತಿಂಗಳಿಗೆ ಒಂದು ಸಲ, ಯಾಕೆಂದರೆ ನಾಲ್ಕು ವಾರ ಕಾಯುವುದು ಬೇರೆಯೇ ಕಲೆ. ಹದಿನೈದಕ್ಕೆ ಬಟ್ಟೆಯ ವರ್ಷದ ದುಡ್ಡು ಪೂರ್ತಿ ಅವರ ಕೈಗೆ. ದುಬಾರಿ ಶೂ ಒಂದಕ್ಕೇ ಅರ್ಧ ಸುರಿದರೆ ಸುರಿಯಲಿ, ಉಳಿದ ವರ್ಷ ಹಳೇ ಬಟ್ಟೆ ಹಾಕಲಿ. ಹದಿನೇಳಕ್ಕೆ ಮನೆಯ ಒಂದು ಬಿಲ್ಲು ಅವರ ಜವಾಬ್ದಾರಿ. ದುಡ್ಡು ನೀವು ಕೊಡಿ, ಕೊನೆಯ ದಿನ ನೆನಪಿಟ್ಟು ಕಟ್ಟುವುದು ಅವರು. ಜೊತೆಗೆ ಅಡುಗೆ, ಬಟ್ಟೆ ಒಗೆಯುವುದು, ಒಬ್ಬರೇ ಡಾಕ್ಟರ ಹತ್ತಿರ ಹೋಗಿ ಏನಾಗಿದೆ ಅಂತ ಬಾಯಿಬಿಟ್ಟು ಹೇಳುವುದು. ಸಹಿ ಹಾಕುವ ಮುಂಚೆ ಕಾಗದ ಪೂರ್ತಿ ಓದುವುದು. ಓಟಿಪಿ ಯಾರಿಗೂ ಹೇಳದಿರುವುದು.

ಕಾಯಿಲೆ ಬಂದರೆ, ಹಸಿವು ಅಂದರೆ, ಅಪಾಯ ಅಂದರೆ ಓಡಿ ಹೋಗಿ. ಅದನ್ನು ನಾನು ಹೇಳಬೇಕಾ? ನೀವು ತಂದೆ ತಾಯಿ. ಆದರೆ ಗೆಳೆಯರ ಜೊತೆ ಸಿನಿಮಾಗೆ ದುಡ್ಡಿಲ್ಲ ಅನ್ನುವುದು ಅಪಾಯ ಅಲ್ಲ. ಹೊಸ ಇಯರ್‌ಫೋನ್ ಇಲ್ಲ ಅನ್ನುವುದು ಕಾಯಿಲೆ ಅಲ್ಲ. ಅವತ್ತು ಅವರ ಮುಖ ಸಣ್ಣದಾಗುತ್ತದೆ. ನಿಮ್ಮ ಕೈ ಪರ್ಸಿನ ಕಡೆ ಹೋಗುತ್ತದೆ. ಆ ಕೈ ಹಿಡಿದುಕೊಳ್ಳಿ. ಹೆಂಡತಿ ಗಂಡನ ಕೈ ಹಿಡಿದುಕೊಳ್ಳಲಿ, ಗಂಡ ಹೆಂಡತಿಯ ಕೈ ಹಿಡಿದುಕೊಳ್ಳಲಿ. ಅಜ್ಜಿಯ ಕೈಯನ್ನು ಇಬ್ಬರೂ ಸೇರಿ ಹಿಡಿದುಕೊಳ್ಳಿ, ಯಾಕೆಂದರೆ ಗುಟ್ಟಾಗಿ ತುಂಬುವುದರಲ್ಲಿ ಅಜ್ಜಿಯರಿಗೆ ಸಮ ಯಾರಿಲ್ಲ!

ತುಂಬಬೇಡಿ. ದಯವಿಟ್ಟು ತುಂಬಬೇಡಿ. ನನಗೆ ಇನ್ನು ಬೇರೆ ಅಂಕಿ ಅಂಶ ಬೇಡ, ಅಕ್ಕನ ಮಗನ ಆ ಒಂದು ಮೆಸೇಜ್ ಸಾಕು. ಅವನ ಧ್ವನಿ ಆಮೇಲೆ ಬದಲಾಯಿತು ರೀ. ನಡಿಗೆ ಬದಲಾಯಿತು. ಹೋದ ತಿಂಗಳು ಅಕ್ಕನಿಗೆ ಹುಷಾರಿಲ್ಲದಾಗ ಆಸ್ಪತ್ರೆಯ ಬಿಲ್ ಕಟ್ಟಿದ್ದು ಅವನು, ಉಳಿಸಿಟ್ಟ ದುಡ್ಡಿನಲ್ಲಿ. ಅಕ್ಕ ಈಗ ನನ್ನ ಫೋನ್ ಎತ್ತುತ್ತಾಳೆ.

ಕಮೆಂಟ್ ಬರೆದ ಸಾರ್, ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಮಗನಿಗೆ ಹತ್ತೊಂಬತ್ತು ಅಂತ ಇನ್ನೊಂದು ಕಮೆಂಟಿನಲ್ಲಿ ಬರೆದಿದ್ದೀರಿ. ಈ ತಿಂಗಳ ಕರೆಂಟ್ ಬಿಲ್ಲು, ಅದಕ್ಕೆ ಬೇಕಾದ ದುಡ್ಡು, ಎರಡನ್ನೂ ಅವನ ಕೈಗೆ ಕೊಡಿ. ನೆನಪು ಮಾಡಬೇಡಿ. ಒಂದು ಸಂಜೆ ಕತ್ತಲಲ್ಲಿ ಕೂರಬೇಕಾಗಿ ಬಂದರೂ ಕೂತುಕೊಳ್ಳಿ. ಏನಾಯಿತು ಅಂತ ಇದೇ ವಿಡಿಯೋ ಕೆಳಗೆ ಬರೆಯಿರಿ. ನಾನು ಓದುತ್ತೇನೆ, ಮುಂದಿನ ವಾರ ವಿಮೆ ಶುರು ಮಾಡುವ ಮುಂಚೆ ಮೊದಲು ನಿಮ್ಮ ಉತ್ತರವನ್ನೇ ಓದುತ್ತೇನೆ.